ಎರಡನೇ ಮಹಾಯುದ್ಧ: ವಾದಕ್ಕೆ ಕೂತಾಗ ಪದೇ ಪದೇ ಬರುವ ಪ್ರಶ್ನೆಗಳು

ಯುದ್ಧದ ಮಾತು ಎತ್ತಿದರೆ ಸಾಕು, ನಮ್ಮಲ್ಲಿ ಎಲ್ಲರ ಹತ್ತಿರವೂ 'ಯಾರಿಗೂ ಗೊತ್ತಿಲ್ಲದ' ಸಂಗತಿ ಒಂದಾದರೂ ಇರುತ್ತದೆ. ಕಾಫಿ ಆರುವುದರೊಳಗೆ ಅದು ಜಗಳವೂ ಆಗಿರುತ್ತದೆ. ಇಂಥ ಜಗಳಗಳಲ್ಲಿ ಕೂತೂ ಕೂತೂ ನನಗೆ ಒಂದಷ್ಟು ಪ್ರಶ್ನೆ ಬಾಯಿಪಾಠವಾಗಿವೆ. ಇವುಗಳಲ್ಲಿ ಬಹಳಷ್ಟು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧವೇ ಜಾಸ್ತಿ ಮಜವಾಗಿರುತ್ತದೆ ಅನ್ನೋದು ನನ್ನ ತಕರಾರು.

ಯುದ್ಧ ಶುರುವಾಗಿದ್ದು 1939ರ ಸೆಪ್ಟೆಂಬರ್ 1ಕ್ಕೆ ತಾನೇ? ಇದರಲ್ಲೇನು ವಾದ?

ಅವತ್ತು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು, ಅದು ಸರಿ. ಚೀನಾದವರನ್ನು ಕೇಳಿ ನೋಡಿ, 1937ರ ಜುಲೈ 7 ಅಂತಾರೆ. ಬೀಜಿಂಗ್ ಹತ್ತಿರ ಮಾರ್ಕೊ ಪೋಲೊ ಸೇತುವೆಯ ಬಳಿ ಜಪಾನಿ ಮತ್ತು ಚೀನಿ ಸೈನಿಕರ ನಡುವೆ ಗುಂಡು ಹಾರಿದ್ದು ಅವತ್ತು. ಆಮೇಲೆ ಅಲ್ಲಿ ಯುದ್ಧ 1945ರವರೆಗೆ ನಿಲ್ಲಲೇ ಇಲ್ಲ. ಅಮೆರಿಕದವರಿಗೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ದಿನ, 1941ರ ಡಿಸೆಂಬರ್ 7.

ನಮಗೆ? 1939ರ ಸೆಪ್ಟೆಂಬರ್ 3. ವೈಸ್‌ರಾಯ್ ಲಿನ್‌ಲಿತ್‌ಗೋ ಇಲ್ಲಿಯ ನಾಯಕರನ್ನು ಒಂದು ಮಾತು ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಸಾರಿಬಿಟ್ಟರು. ಅದೇ ಸಿಟ್ಟಿಗೆ ವರ್ಷದ ಕೊನೆಯೊಳಗೆ ಕಾಂಗ್ರೆಸ್ಸಿನ ಪ್ರಾಂತೀಯ ಸರ್ಕಾರಗಳು ರಾಜೀನಾಮೆ ಕೊಟ್ಟವು. ಯಾರ ಯುದ್ಧ ಅಂತ ಮೊದಲು ಕೇಳಿ, ತಾರೀಖು ಆಮೇಲೆ.

ಪೋಲೆಂಡಿನ ಮೇಲೆ ಬಿದ್ದದ್ದು ಜರ್ಮನಿ ಒಂದೇ ಅಲ್ವಾ?

ಅಲ್ಲ. 1939ರ ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೈನ್ಯವೂ ನುಗ್ಗಿತು. ಆಗಸ್ಟ್ 23ರಂದು ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಮತ್ತು ಜರ್ಮನಿಯ ವಿದೇಶಾಂಗ ಮಂತ್ರಿ ರಿಬೆನ್‌ಟ್ರೋಪ್ ಸಹಿ ಹಾಕಿದ ಒಪ್ಪಂದದ ಜೊತೆ ಒಂದು ಗುಟ್ಟಿನ ಕರಾರು ಇತ್ತು. ಪೂರ್ವ ಯುರೋಪಿನಲ್ಲಿ ಯಾರಿಗೆ ಯಾವ ತುಂಡು ಎಂದು ಅದರಲ್ಲಿ ಮೊದಲೇ ಬರೆದುಕೊಂಡಿದ್ದರು. ಅಂಥ ಕರಾರೇ ಇರಲಿಲ್ಲ ಎಂದು ಮಾಸ್ಕೋ ಸಾಧಿಸುತ್ತಲೇ ಬಂತು. ಒಪ್ಪಿಕೊಂಡದ್ದು 1989ರ ಡಿಸೆಂಬರ್‌ನಲ್ಲಿ, ಐವತ್ತು ವರ್ಷ ಬಿಟ್ಟು.

ಇದನ್ನು ಹೇಳಿದ ಕೂಡಲೇ 'ಹಾಗಾದರೆ ರಷ್ಯಾದವರ ತ್ಯಾಗ ಸುಳ್ಳಾ?' ಎಂದು ಯಾರಾದರೂ ಎಗರಾಡುತ್ತಾರೆ. ಸುಳ್ಳಲ್ಲ ಮಾರಾಯ್ರೆ. ಸೋವಿಯತ್ ಒಕ್ಕೂಟದಲ್ಲಿ ಸತ್ತವರು ಸುಮಾರು 2.7 ಕೋಟಿ. ಜರ್ಮನ್ ಸೈನ್ಯದ ಬೆನ್ನು ಮುರಿದದ್ದೂ ಅಲ್ಲೇ. ಎರಡೂ ನಿಜ, ಒಂದೇ ಉಸಿರಲ್ಲಿ ಹೇಳಬಹುದು. ಸೆಪ್ಟೆಂಬರ್ 17 ನೆನಪಿರಲಿ, ಕೆಳಗೆ ಗುಜರಾತಿನಲ್ಲಿ ಮತ್ತೆ ಬೇಕಾಗುತ್ತದೆ.

ಪೋಲೆಂಡಿನ ಕುದುರೆ ಸವಾರರು ಕತ್ತಿ, ಭರ್ಜಿ ಹಿಡಿದು ಟ್ಯಾಂಕಿನ ಮೇಲೆ ನುಗ್ಗಿದ್ದರಂತೆ, ನಿಜಾನಾ?

ಇಲ್ಲ. ಯುದ್ಧದ ಮೊದಲನೇ ದಿನವೇ ಕ್ರೋಯಾಂಟಿ ಎಂಬ ಊರಿನ ಹತ್ತಿರ ಪೋಲೆಂಡಿನ ಸವಾರರು ಜರ್ಮನ್ ಕಾಲಾಳುಗಳ ಮೇಲೆ ನುಗ್ಗಿದರು, ಅವರನ್ನು ಚದುರಿಸಿದರು ಕೂಡ. ಅಷ್ಟರಲ್ಲಿ ಕಾಡಿನಂಚಿನಿಂದ ಮೆಷಿನ್ ಗನ್ ಇದ್ದ ಕವಚದ ಗಾಡಿಗಳು ಬಂದವು, ಸವಾರರು ಸತ್ತರು. ಆಮೇಲೆ ಆ ಜಾಗಕ್ಕೆ ಬಂದ ಇಟಲಿಯ ಪತ್ರಕರ್ತರು ಸತ್ತ ಕುದುರೆಗಳನ್ನೂ ಪಕ್ಕದಲ್ಲಿ ನಿಂತಿದ್ದ ಗಾಡಿಗಳನ್ನೂ ನೋಡಿ ಕಥೆ ಕಟ್ಟಿದರು. ಜರ್ಮನ್ ಪ್ರಚಾರಕರಿಗೆ ಅದು ಹಬ್ಬವಾಯಿತು, ಪೋಲರು ಎಷ್ಟು ಹಿಂದುಳಿದವರು ನೋಡಿ ಅಂತ. ತಮಾಷೆ ಅಂದರೆ ಆಮೇಲೆ ಎಷ್ಟೋ ಜನ ಪೋಲರೇ ಇದನ್ನು ಶೌರ್ಯದ ಕಥೆ ಎಂದು ಹೇಳತೊಡಗಿದರು.

ಅಂದರೆ ಜರ್ಮನರದ್ದು ಪೂರ್ತಿ ಯಂತ್ರದ ಸೈನ್ಯ, ಉಳಿದವರದ್ದು ಎತ್ತಿನ ಗಾಡಿ ಅನ್ನೋದು?

ಇದು ನನ್ನ ಮೆಚ್ಚಿನ ಪ್ರಶ್ನೆ. 1941ರ ಜೂನ್ 22ರಂದು ರಷ್ಯಾದ ಮೇಲೆ ಹೊರಟಾಗ ಜರ್ಮನಿ ಜೊತೆಯಲ್ಲಿ ಕರೆದೊಯ್ದದ್ದು 6 ಲಕ್ಷಕ್ಕೂ ಹೆಚ್ಚು ಕುದುರೆ. ಟ್ಯಾಂಕ್ ದಳಗಳು ಮುಂದೆ ಓಡುತ್ತಿದ್ದವು, ಸರಿ. ಹಿಂದೆ ಬರುತ್ತಿದ್ದ ಬಹುಪಾಲು ಸೈನ್ಯ ಕಾಲ್ನಡಿಗೆಯಲ್ಲಿ, ಅದರ ಫಿರಂಗಿ ಮತ್ತು ಊಟದ ಸಾಮಾನು ಕುದುರೆ ಗಾಡಿಯಲ್ಲಿ. ಸಿನಿಮಾದಲ್ಲಿ ನಮಗೆ ಕಾಣಿಸೋದು ಮುಂದಿನ ಸಾಲು ಮಾತ್ರ.

ಕುದುರೆ ಬಿಟ್ಟು ಪೂರ್ತಿ ಮೋಟಾರಿಗೆ ಬದಲಾಗಿದ್ದದ್ದು ಬ್ರಿಟಿಷ್ ಸೈನ್ಯ. ಆಮೇಲೇನಾಯಿತು? 1939ರ ಚಳಿಗಾಲದಲ್ಲಿ ಫ್ರಾನ್ಸಿನ ಹಿಮದಲ್ಲಿ, ಕೆಸರಿನಲ್ಲಿ ಲಾರಿ ಹೋಗದ ಕಡೆ ಸಾಮಾನು ಹೊರಲು ಅವರ ಹತ್ತಿರ ಪ್ರಾಣಿಗಳೇ ಇರಲಿಲ್ಲ. ಭಾರತಕ್ಕೆ ಹೇಳಿ ಕಳಿಸಿದರು. ಆ ಡಿಸೆಂಬರ್‌ನಲ್ಲೇ ಬೊಂಬಾಯಿಯಿಂದ ಹೊರಟ 'ಫೋರ್ಸ್ ಕೆ-6' ಎಂಬ ತುಕಡಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು, ಸುಮಾರು 2,000 ಹೇಸರಗತ್ತೆಗಳ ಸಮೇತ. ನಡೆಸುತ್ತಿದ್ದವರು ಹೆಚ್ಚಾಗಿ ಪಂಜಾಬ್ ಮತ್ತು ವಾಯವ್ಯ ಗಡಿ ಕಡೆಯ ಮುಸ್ಲಿಂ ಸೈನಿಕರು.

ಹಾಗಾದರೆ ಡನ್‌ಕರ್ಕ್‌ನಲ್ಲಿ ಭಾರತೀಯರು ಇದ್ದರಾ?

ಇದ್ದರು, ಇವರೇ. ಡನ್‌ಕರ್ಕ್ ಅಂದರೆ ಜರ್ಮನರು ಸುತ್ತುವರಿದ ಬ್ರಿಟಿಷ್, ಫ್ರೆಂಚ್ ಸೈನಿಕರನ್ನು ಹಡಗುಗಳಲ್ಲಿ ಪಾರು ಮಾಡಿದ ಫ್ರಾನ್ಸಿನ ಬಂದರು. ನಾಲ್ಕು ಕಂಪನಿಗಳಿದ್ದವು. 1940ರ ಮೇ-ಜೂನ್‌ನಲ್ಲಿ ಫ್ರಾನ್ಸ್ ಕುಸಿದಾಗ ಒಂದು ಕಂಪನಿ, 22ನೇದು, ಜರ್ಮನರ ಕೈಗೆ ಸೆರೆಯಾಯಿತು. ಉಳಿದವರು ಡನ್‌ಕರ್ಕ್ ಮತ್ತು ಬೇರೆ ಬಂದರುಗಳಿಂದ ಇಂಗ್ಲೆಂಡಿಗೆ ಪಾರಾದರು. ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು.

'ಭಾರತೀಯ ಸೈನ್ಯ ಡನ್‌ಕರ್ಕ್ ಉಳಿಸಿತು' ಎಂದು ಎದೆ ತಟ್ಟಿಕೊಳ್ಳುವ ಸಂದೇಶ ಬಂದರೆ ಅದನ್ನೂ ಒಪ್ಪಬೇಡಿ. ಲಕ್ಷಗಟ್ಟಲೆ ಜನರ ನಡುವೆ ಇವರು ಕೆಲವು ನೂರು. ಅವರು ಅಲ್ಲಿದ್ದರು ಅನ್ನೋದನ್ನೇ ಮರೆತದ್ದು ಒಂದು ತಪ್ಪು, ಈಗ ಊದಿಸಿ ಹೇಳೋದು ಇನ್ನೊಂದು.

ಪೋಲೆಂಡಿನ ಅನಾಥ ಮಕ್ಕಳ ಹಡಗನ್ನು ಬ್ರಿಟಿಷರು ಬೊಂಬಾಯಿಯಲ್ಲಿ ಇಳಿಯಲು ಬಿಡಲಿಲ್ಲ, ಜಾಮ್‌ನಗರದ ಮಹಾರಾಜರು ಧಿಕ್ಕರಿಸಿ ಇಳಿಸಿಕೊಂಡರು, ಅಲ್ವಾ?

ಮಹಾರಾಜರು ನಿಜ, ಮಕ್ಕಳು ನಿಜ. ಬಂದರಿನಿಂದ ಬಂದರಿಗೆ ಅಲೆದ ಹಡಗು ಮಾತ್ರ ಕಟ್ಟುಕಥೆ.

ಈಗ ಆ ಸೆಪ್ಟೆಂಬರ್ 17ಕ್ಕೆ ವಾಪಸ್ ಬನ್ನಿ. ಪೂರ್ವ ಪೋಲೆಂಡನ್ನು ಹಿಡಿದ ಸ್ಟಾಲಿನ್ ಸರ್ಕಾರ 1940-41ರಲ್ಲಿ ಅಲ್ಲಿನ ಲಕ್ಷಾಂತರ ಜನರನ್ನು ರೈಲಿಗೆ ತುಂಬಿ ಸೈಬೀರಿಯಾ, ಕಜಕಸ್ತಾನದ ಕಡೆ ಸಾಗಿಸಿತು. ಆಮೇಲೆ ಹಿಟ್ಲರ್ ರಷ್ಯಾದ ಮೇಲೇ ಬಿದ್ದ ಮೇಲೆ ಲೆಕ್ಕ ಬದಲಾಯಿತು, ಪೋಲರನ್ನು ಬಿಡಲು ಸ್ಟಾಲಿನ್ ಒಪ್ಪಿದ. ಹಸಿದು ಸೊರಗಿದ ಮಕ್ಕಳ ಮೊದಲ ಗುಂಪು 1942ರಲ್ಲಿ ಅಶ್ಗಾಬಾದಿನಿಂದ ಲಾರಿಗಳಲ್ಲಿ ಹೊರಟು ಇರಾನಿನ ಮಶ್ಹದ್ ದಾಟಿ, ಕ್ವೆಟ್ಟಾದವರೆಗೆ ಬಂದು, ಅಲ್ಲಿಂದ ರೈಲು ಹತ್ತಿ ಬೊಂಬಾಯಿಗೆ ಬಂತು. ಆಮೇಲೆ ಜಾಮ್‌ನಗರದ ಮಹಾರಾಜ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿ ಗುಜರಾತಿನ ಬಾಲಾಚಡಿಯಲ್ಲಿ ಆ ಮಕ್ಕಳಿಗೆ ಜಾಗ ಕೊಟ್ಟರು, ನೂರಾರು ಮಕ್ಕಳು ಅಲ್ಲಿ ಬೆಳೆದರು. ಇದೆಲ್ಲ ಬ್ರಿಟಿಷ್ ಸರ್ಕಾರಕ್ಕೆ ಗೊತ್ತಿದ್ದೇ, ಅವರ ಜೊತೆ ಸೇರಿಯೇ ನಡೆದದ್ದು. ಹಾಗಂತ ಮಹಾರಾಜರು ಮಾಡಿದ್ದು ಸಣ್ಣದಾಗೋದಿಲ್ಲ. ವಾರ್ಸಾದಲ್ಲಿ 'ಒಳ್ಳೆಯ ಮಹಾರಾಜ'ನ ಹೆಸರಲ್ಲಿ ಒಂದು ಚೌಕವೇ ಇದೆ.

ಇದಕ್ಕಿಂತ ದೊಡ್ಡ ಶಿಬಿರ ನಮ್ಮ ಬೆಳಗಾವಿಯಿಂದ ಎರಡು-ಮೂರು ತಾಸಿನ ದಾರಿಯಲ್ಲಿತ್ತು, ಕೊಲ್ಲಾಪುರದ ಪಕ್ಕದ ವಳಿವಡೆಯಲ್ಲಿ. 1943ರಿಂದ 1948ರವರೆಗೆ ಸುಮಾರು 5,000 ಪೋಲರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಶಾಲೆ, ಚರ್ಚು, ಅಂಗಡಿ ಎಲ್ಲ ಇತ್ತು. ಅದಕ್ಕೆ ನಾಟಕೀಯ ಹಡಗು ಇಲ್ಲ ನೋಡಿ, ಹಾಗಾಗಿ ಫಾರ್ವರ್ಡ್ ಆಗೋದಿಲ್ಲ.

ಇಂಥ ಕಥೆ ಬಂದಾಗ ನಿಜ-ಸುಳ್ಳು ಹೇಗೆ ಕಂಡುಹಿಡಿಯೋದು?

ನಾನು ಮಾಡೋದು ಇಷ್ಟೇ. ಹಡಗು ಅಂದರೆ ಹೆಸರೇನು, ಯಾವ ಬಂದರು, ಯಾವ ತಿಂಗಳು ಎಂದು ಕೇಳುತ್ತೇನೆ. ನಿಜವಾದ ಹಡಗಿಗೆ ಈ ಮೂರೂ ಇರುತ್ತವೆ. ಕಥೆಯಲ್ಲಿ ಎಲ್ಲರೂ ಸಿನಿಮಾ ಡೈಲಾಗ್ ಹೊಡೆಯುತ್ತಿದ್ದರೆ ಕೇಳುವ ಅಗತ್ಯವೂ ಇಲ್ಲ.

25 ಲಕ್ಷ ಭಾರತೀಯರು 'ಸ್ವಇಚ್ಛೆಯಿಂದ' ಸೇರಿದರು ಅನ್ನೋದು ಒಪ್ಪಬಹುದಾ?

ಸಂಖ್ಯೆ ಸರಿ. 1939ರಲ್ಲಿ ಸುಮಾರು 2 ಲಕ್ಷ ಇದ್ದ ಸೈನ್ಯ ಯುದ್ಧ ಮುಗಿಯುವಾಗ 25 ಲಕ್ಷ ಮುಟ್ಟಿತ್ತು. ಕಡ್ಡಾಯ ಭರ್ತಿ ಇರಲಿಲ್ಲ. ಸತ್ತವರು 87,000ದಷ್ಟು. ಸ್ವಇಚ್ಛೆ ಅನ್ನೋ ಪದದ ಬಗ್ಗೆ ಮಾತ್ರ ನನಗೆ ತಕರಾರಿದೆ. ಮನೆಯಲ್ಲಿ ಮೂರು ಹೊತ್ತು ಊಟಕ್ಕೆ ತತ್ವಾರ ಇದ್ದವನಿಗೆ ಸಂಬಳ, ಬಟ್ಟೆ, ಮನೆಗೆ ಮನಿಯಾರ್ಡರ್ ಅಂದರೆ ಅದು ಇಚ್ಛೆಯೋ ಹೊಟ್ಟೆಯೋ? ಎರಡೂ ಇರಬಹುದು. ಮನೆತನದ ರೂಢಿಯಿಂದ ಸೇರಿದವರಿದ್ದರು, ಲೋಕ ನೋಡೋ ಆಸೆಗೆ ಸೇರಿದವರೂ ಇದ್ದರು. ಒಂದೇ ಕಾರಣ ಹೇಳುವವರನ್ನು ನಂಬಬೇಡಿ.

ಮಣಿಪುರ-ನಾಗಾಲ್ಯಾಂಡ್ ಕಡೆ 1944ರಲ್ಲಿ ನಡೆದ ಇಂಫಾಲ್-ಕೊಹಿಮಾ ಕದನದಲ್ಲಿ ಜಪಾನನ್ನು ಹಿಮ್ಮೆಟ್ಟಿಸಿದ ಸೈನ್ಯದಲ್ಲಿ ಜಾಸ್ತಿ ಇದ್ದವರು ಇವರೇ. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆಚೆ-ಈಚೆ ಎರಡು ಸೈನ್ಯ ಕೂತು ಕಾದಾಡಿದವು. ಎದುರುಗಡೆ ಜಪಾನಿಗಳ ಜೊತೆ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು. 2013ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ತಮ್ಮ ಅತಿ ದೊಡ್ಡ ಕದನ ಯಾವುದು ಎಂದು ಮತ ಹಾಕಿಸಿದಾಗ ವಾಟರ್‌ಲೂವನ್ನೂ ಹಿಂದೆ ಹಾಕಿ ಇದೇ ಗೆದ್ದಿತು. ನಮ್ಮ ಶಾಲೆಯ ಪುಸ್ತಕದಲ್ಲಿ ನನಗೆ ಇದು ಒಂದು ಸಾಲೂ ಸಿಕ್ಕಿರಲಿಲ್ಲ.

ಬಂಗಾಳದ ಕ್ಷಾಮಕ್ಕೆ ಚರ್ಚಿಲ್ ಒಬ್ಬನೇ ಕಾರಣನಾ?

ಇದು ಅತಿ ಹೆಚ್ಚು ಗಲಾಟೆ ಆಗುವ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1943ರಲ್ಲಿ ಸತ್ತವರೆಷ್ಟು ಅನ್ನೋದರಲ್ಲೇ ಜಗಳ. ಸರ್ಕಾರದ ವಿಚಾರಣಾ ಆಯೋಗ 15 ಲಕ್ಷ ಎಂದಿತು. ಆಮೇಲೆ ಲೆಕ್ಕ ಹಾಕಿದವರು 20ರಿಂದ 30 ಲಕ್ಷ ಅಂತಾರೆ.

ಮೊದಲ ಪೆಟ್ಟು ಬರ್ಮಾ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಗಳ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿಗಳು ಬಂಗಾಳಕ್ಕೂ ಬಂದರೆ ಅವರಿಗೆ ಏನೂ ಸಿಗಬಾರದು ಎಂದು ಸರ್ಕಾರ ಕರಾವಳಿಯ ಹೆಚ್ಚುವರಿ ಅಕ್ಕಿಯನ್ನು ಎತ್ತಿತು, ಹತ್ತು ಜನಕ್ಕಿಂತ ಹೆಚ್ಚು ಹೊರುವ ದೋಣಿಗಳನ್ನು ಕಿತ್ತುಕೊಂಡಿತು ಅಥವಾ ಒಡೆಯಿತು. ನೀರೇ ರಸ್ತೆಯಾಗಿರುವ ಸೀಮೆಯಲ್ಲಿ ಸಾವಿರಗಟ್ಟಲೆ ದೋಣಿ ಹೋದರೆ ಮೀನೂ ಇಲ್ಲ, ಸಂತೆಯೂ ಇಲ್ಲ. ಅಕ್ಟೋಬರ್‌ನಲ್ಲಿ ಮಿಡ್ನಾಪುರದ ಕಡೆ ಭಾರಿ ಚಂಡಮಾರುತ. ಬೇರೆ ಪ್ರಾಂತ್ಯಗಳು ತಮ್ಮ ಧಾನ್ಯ ಹೊರಗೆ ಬಿಡಲಿಲ್ಲ. ಯುದ್ಧದ ಖರ್ಚಿಗೆ ನೋಟು ಅಚ್ಚಾಗಿ ಬೆಲೆ ಆಕಾಶಕ್ಕೇರಿತು. ಕಲ್ಕತ್ತಾದ ಕಾರ್ಖಾನೆ ಕೆಲಸಗಾರರಿಗೆ ಅಗ್ಗದ ಅಕ್ಕಿ ಸಿಕ್ಕಿತು, ಹಳ್ಳಿಯ ಕೂಲಿಯವನಿಗೆ ಸಿಗಲಿಲ್ಲ. ವ್ಯಾಪಾರಿಗಳು ಮುಚ್ಚಿಟ್ಟರು. ಅಮರ್ತ್ಯ ಸೇನ್ ಹೇಳುವುದು ಇದನ್ನೇ, ಅಕ್ಕಿ ತೀರಾ ಕಡಿಮೆಯೇನೂ ಇರಲಿಲ್ಲ, ಕೊಳ್ಳುವ ಶಕ್ತಿ ಕೈಯಲ್ಲಿ ಇರಲಿಲ್ಲ ಅಂತ. ಇಲ್ಲ, ಆ ವರ್ಷ ಭತ್ತಕ್ಕೆ ರೋಗ ಬಿದ್ದಿತ್ತು, ಬೆಳೆಯೇ ಕಡಿಮೆ ಅನ್ನುವವರೂ ಇದ್ದಾರೆ.

ಹಾಗಾದರೆ ಚರ್ಚಿಲ್? ದಿಲ್ಲಿಯಿಂದ ಧಾನ್ಯ ಕಳಿಸಿ ಎಂದು ಮತ್ತೆ ಮತ್ತೆ ತಂತಿ ಹೋಯಿತು. ಲಂಡನ್ನಿನ ಯುದ್ಧ ಸಂಪುಟ ಕೇಳಿದ್ದರಲ್ಲಿ ಚೂರುಪಾರು ಕೊಟ್ಟಿತು. ಭಾರತೀಯರ ಬಗ್ಗೆ ಆತ ಆಡಿದ ಹೊಲಸು ಮಾತುಗಳನ್ನು ಬರೆದಿಟ್ಟವರು ಬೇರೆ ಯಾರೂ ಅಲ್ಲ, ಅವನದ್ದೇ ಸಂಪುಟದ ಭಾರತ ಮಂತ್ರಿ ಲಿಯೊ ಆಮೆರಿ. ಪರವಾಗಿ ಮಾತಾಡುವವರು ಹಡಗಿನ ಕೊರತೆ ಇತ್ತು, ಬಂಗಾಳ ಕೊಲ್ಲಿಯಲ್ಲಿ ಜಪಾನಿಗಳಿದ್ದರು ಅಂತಾರೆ. ಕೊರತೆ ಇದ್ದದ್ದು ನಿಜ. ಇದ್ದ ಹಡಗು ಯಾರಿಗೆ ಮೊದಲು ಅನ್ನೋದು ಆಯ್ಕೆ, ಆ ಆಯ್ಕೆ ಅವನ ಮೇಜಿನ ಮೇಲೆ ಆಗಿದ್ದು.

ಕ್ಷಾಮ ಹುಟ್ಟಿಸಿದ್ದು ಅವನೊಬ್ಬನೇ ಅಲ್ಲ, ಅದು ಅಷ್ಟು ದಿನ ನಡೆಯಲು ಬಿಟ್ಟವರಲ್ಲಿ ಅವನು ಮೊದಲಿಗ. ನನ್ನ ತೀರ್ಪು ಇದು. 1943ರ ಅಕ್ಟೋಬರ್‌ನಲ್ಲಿ ವೈಸ್‌ರಾಯ್ ಆಗಿ ಬಂದ ವೇವೆಲ್ ಸೈನ್ಯವನ್ನು ಅಕ್ಕಿ ಸಾಗಿಸಲು ಇಳಿಸಿದರು. ಅದನ್ನು ಮೊದಲೇ ಮಾಡಬಹುದಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಭಾರತದ ಮೇಲೆ ನಿಜವಾಗಿ ಬಾಂಬ್ ಬಿದ್ದಿತ್ತಾ?

ಬಿದ್ದಿತ್ತು. 1942ರ ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಂದವು. ಮಾರನೇ ದಿನ ವಿಶಾಖಪಟ್ಟಣ ಮತ್ತು ಕಾಕಿನಾಡ. ಮದ್ರಾಸಿನಲ್ಲಿ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು, ಹೈಕೋರ್ಟೇ ಕೊಯಮತ್ತೂರಿಗೆ ಹೋಯಿತು. ಬಾಂಬ್ ಬಿದ್ದು ಬೋನು ಒಡೆದರೆ ಗತಿಯೇನು ಎಂದು ಮೃಗಾಲಯದ ಹುಲಿ-ಸಿಂಹಗಳನ್ನು ಗುಂಡಿಟ್ಟು ಕೊಂದರು. ಆದರೆ ಮದ್ರಾಸಿನ ಮೇಲೆ ಜಪಾನಿ ವಿಮಾನ ಬಂದು ಬಾಂಬ್ ಹಾಕಿದ್ದು ಅದಾಗಿ ಒಂದೂವರೆ ವರ್ಷಕ್ಕೆ, 1943ರ ಅಕ್ಟೋಬರ್‌ನಲ್ಲಿ, ಅದೂ ಒಂದೇ ವಿಮಾನ. ಅಷ್ಟೊತ್ತಿಗೆ ಓಡಿಹೋದವರೆಲ್ಲ ವಾಪಸ್ ಬಂದಿದ್ದರು.

ಇಲ್ಲಿ ಯಾರಾದರೂ ಎಮ್ಡನ್ ಹೆಸರು ತರುತ್ತಾರೆ. ಆ ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿದ್ದು 1914ರ ಸೆಪ್ಟೆಂಬರ್ 22ಕ್ಕೆ, ಮೊದಲನೇ ಯುದ್ಧದಲ್ಲಿ. ಬೆರೆಸಬೇಡಿ.

ಅಂಡಮಾನ್ ಮಾತ್ರ ಬೇರೆಯೇ ಕಥೆ. ಅದು 1942ರ ಮಾರ್ಚ್‌ನಿಂದ ಯುದ್ಧ ಮುಗಿಯುವವರೆಗೆ ಜಪಾನಿಗಳ ಕೈಯಲ್ಲಿತ್ತು. 1943ರ ಡಿಸೆಂಬರ್ 30ರಂದು ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಹಾರಿಸಿದರು, ಇದು ಎಲ್ಲರಿಗೂ ಗೊತ್ತು. ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಹಂಫ್ರಿಗಂಜ್‌ನಲ್ಲಿ ಜಪಾನಿಗಳು 44 ಭಾರತೀಯರನ್ನು ಗೂಢಚಾರರೆಂದು ಗುಂಡಿಟ್ಟು ಕೊಂದರು. ಅವರಲ್ಲಿ ಹಲವರು ಬೋಸರ ಚಳವಳಿಯದೇ ಸಂಘಟನೆಯಾದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನವರು. ಧ್ವಜದ ಫೋಟೊ ಹಂಚುವವರು ಇದನ್ನೂ ಹಂಚಿದರೆ ನಾನು ಸುಮ್ನೆ ಕೂರುತ್ತೇನೆ.

ಬೋಸ್ ಸಬ್‌ಮರೀನ್‌ನಲ್ಲಿ ಹೋದದ್ದು ನಿಜಾನಾ?

ಪೂರ್ತಿ ನಿಜ. 1943ರ ಫೆಬ್ರವರಿಯಲ್ಲಿ ಜರ್ಮನಿಯ ಕೀಲ್ ಬಂದರಿನಿಂದ ಯು-180 ಎಂಬ ಸಬ್‌ಮರೀನ್‌ನಲ್ಲಿ ತಮ್ಮ ಸಹಾಯಕ ಅಬಿದ್ ಹಸನ್ ಜೊತೆ ಹೊರಟರು. ಆಫ್ರಿಕಾ ಸುತ್ತಿ ಬಂದು, ಏಪ್ರಿಲ್ ಕೊನೆಗೆ ಮಡಗಾಸ್ಕರ್ ಹತ್ತಿರ ನಡುಸಮುದ್ರದಲ್ಲಿ ರಬ್ಬರ್ ದೋಣಿಗೆ ಇಳಿದು ಜಪಾನಿನ ಐ-29 ಎಂಬ ಸಬ್‌ಮರೀನ್ ಹತ್ತಿದರು. ಸುಮಾತ್ರಾ ಹತ್ತಿರದ ಸಾಬಾಂಗ್‌ನಲ್ಲಿ ಇಳಿದರು.

ಆ ಐ-29 ಹೆಸರನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಐದು ತಿಂಗಳು ಮುಂಚೆ, 1942ರ ನವೆಂಬರ್ 23ರಂದು, ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ ತಿಲಾವಾ ಎಂಬ ಪ್ರಯಾಣಿಕರ ಹಡಗನ್ನು ಅರಬ್ಬಿ ಸಮುದ್ರದಲ್ಲಿ ಮುಳುಗಿಸಿದ್ದು ಇದೇ ಸಬ್‌ಮರೀನ್. ಸುಮಾರು 280 ಜನ ಸತ್ತರು, ಬಹಳ ಜನ ಭಾರತೀಯರೇ. ಇದನ್ನು ಹೇಳಿದರೆ ಕೆಲವರಿಗೆ ಬೋಸರನ್ನು ಬೈದ ಹಾಗೆ ಕೇಳಿಸುತ್ತದೆ. ಅವರು ಆ ಸಬ್‌ಮರೀನ್ ಆರಿಸಿಕೊಂಡವರಲ್ಲ, ಕಳಿಸಿದ್ದರಲ್ಲಿ ಹತ್ತಿದರು. ಐ-29 ಕೂಡ 1944ರ ಜುಲೈನಲ್ಲಿ ಅಮೆರಿಕದ ಸಬ್‌ಮರೀನ್ ಒಂದರ ಏಟಿಗೆ ಮುಳುಗಿತು.

ಗೋವಾದಲ್ಲಿ ಜರ್ಮನ್ ಹಡಗಿನ ಮೇಲೆ ಮುದುಕರು ದಾಳಿ ಮಾಡಿದ್ದರಂತೆ?

ಮುದುಕರು ಅನ್ನಬೇಡಿ, ಹೊಟ್ಟೆ ಬಂದ ನಡುವಯಸ್ಸಿನವರು. ಗೋವಾ ಪೋರ್ಚುಗಲ್ಲಿನದು, ಪೋರ್ಚುಗಲ್ ತಟಸ್ಥ, ಹಾಗಾಗಿ ಯುದ್ಧ ಶುರುವಾದಾಗ ಮೊರ್ಮುಗೋವಾಕ್ಕೆ ಬಂದು ಲಂಗರು ಹಾಕಿದ ಜರ್ಮನ್ ಹಡಗುಗಳನ್ನು ಬ್ರಿಟಿಷರು ಮುಟ್ಟುವಂತಿರಲಿಲ್ಲ. ಅದರಲ್ಲಿ ಎರೆನ್‌ಫೆಲ್ಸ್ ಎಂಬ ಹಡಗಿನಿಂದ ರೇಡಿಯೊ ಮೂಲಕ ಸಬ್‌ಮರೀನ್‌ಗಳಿಗೆ ಸುದ್ದಿ ಹೋಗುತ್ತಿದೆ ಎಂದು ಅನುಮಾನ. ಸೈನ್ಯ ಕಳಿಸಿದರೆ ರಾಜತಾಂತ್ರಿಕ ರಂಪ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ, ಕಂಪನಿ ಮ್ಯಾನೇಜರುಗಳೂ ಗುಮಾಸ್ತರೂ ಇದ್ದ ಕ್ಲಬ್ಬಿನಂಥ ಹವ್ಯಾಸಿ ಪಡೆಯ ಕೆಲವರನ್ನು ಈ ಕೆಲಸಕ್ಕೆ ಹಿಡಿದರು. ಫೀಬಿ ಎಂಬ ಹಳೆ ಬಾರ್ಜ್‌ನಲ್ಲಿ ಕೊಚ್ಚಿಯಿಂದ ಮೇಲಕ್ಕೆ, ಅಂದರೆ ನಮ್ಮ ಮಂಗಳೂರು, ಕಾರವಾರದ ಕಡಲನ್ನು ದಾಟಿ ಹೋಗಿ, 1943ರ ಮಾರ್ಚ್ 9ರ ನಸುಕಿನಲ್ಲಿ ಹಡಗು ಹತ್ತಿದರು. ಎರೆನ್‌ಫೆಲ್ಸ್‌ನ ಕ್ಯಾಪ್ಟನ್ ಸತ್ತ. ಜರ್ಮನರೇ ಹಡಗನ್ನು ಮುಳುಗಿಸಿಕೊಂಡರು. ಪಕ್ಕದಲ್ಲಿದ್ದ ಎರಡು ಜರ್ಮನ್ ಹಡಗು ಮತ್ತು ಒಂದು ಇಟಾಲಿಯನ್ ಹಡಗಿನವರೂ ಹೆದರಿ ತಮ್ಮ ಹಡಗು ಸುಟ್ಟು ಮುಳುಗಿಸಿದರು. ಮೂರು ದಶಕ ಇದು ಗುಟ್ಟಾಗಿಯೇ ಇತ್ತು.

ವಾದ ಇರೋದು ಪರಿಣಾಮದ ಬಗ್ಗೆ. 'ಅದಾದ ಮೇಲೆ ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗೋದು ನಿಂತುಹೋಯಿತು' ಅನ್ನೋದು ಜಾಸ್ತಿಯಾಯಿತು. ಅದೇ ವರ್ಷ 'ಮಾನ್ಸೂನ್' ಎಂಬ ಹೆಸರಿನ ಜರ್ಮನ್ ಸಬ್‌ಮರೀನ್ ಗುಂಪೇ ಇಲ್ಲಿಗೆ ಬಂತು, ಮಲಯಾದ ಪೆನಾಂಗ್‌ನಲ್ಲಿ ನೆಲೆ ಮಾಡಿತು, ಹಡಗುಗಳು ಮುಳುಗುತ್ತಲೇ ಇದ್ದವು. ಸಾಹಸ ನೂರಕ್ಕೆ ನೂರು, ಫಲಿತಾಂಶಕ್ಕೆ ನಾನು ಅಷ್ಟು ಅಂಕ ಕೊಡೋದಿಲ್ಲ.

ಬೆಂಗಳೂರಿಗೂ ಯುದ್ಧಕ್ಕೂ ಏನು ಸಂಬಂಧ?

ಎಚ್‌ಎಎಲ್. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಮೊದಲ ತರಬೇತಿ ವಿಮಾನ 1941ರಲ್ಲೇ ತಯಾರಾಯಿತು. 1942ರಲ್ಲಿ ಸರ್ಕಾರ ವಾಲ್‌ಚಂದರ ಪಾಲು ಕೊಂಡುಕೊಂಡಿತು. 1943ರಿಂದ ಅದು ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ಬರ್ಮಾ, ಚೀನಾ ಕಡೆ ಹಾರಿ ಜಖಂ ಆದ ವಿಮಾನಗಳು ಇಲ್ಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು.

ನನಗೆ ಇಷ್ಟವಾದದ್ದು ಆಮೇಲಿನ ಭಾಗ. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ದೈತ್ಯ ಬಾಂಬರ್‌ಗಳನ್ನು ಮತ್ತೆ ಹಾರಬಾರದು ಎಂದು ಬೇಕಂತಲೇ ಹಾಳು ಮಾಡಿ ಕಾನ್ಪುರದಲ್ಲಿ ಗುಜರಿಯಂತೆ ಬಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಎಚ್‌ಎಎಲ್‌ನವರು ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, 40ಕ್ಕೂ ಹೆಚ್ಚು ವಿಮಾನಗಳನ್ನು ಹಾರಿಸಿಕೊಂಡೇ ಬೆಂಗಳೂರಿಗೆ ತಂದರು. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿದ್ದವು.

ಉಳಿದಂತೆ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಜಪಾನಿನ ರೇಷ್ಮೆ ನಿಂತದ್ದರಿಂದ ಪ್ಯಾರಾಚೂಟಿಗೆ ಮೈಸೂರು ರೇಷ್ಮೆಗೆ ಗಿರಾಕಿ ಬಂತು. ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನಲ್ಲಿ ಓಡಿಸಿದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕಿತ್ತು ಅಂತ ನಮ್ಮ ಅಜ್ಜಿ ನಗುತ್ತಾ ಹೇಳುತ್ತಿದ್ದರು.

ನೂರ್ ಇನಾಯತ್ ಖಾನ್ ಟಿಪ್ಪು ವಂಶದ ರಾಜಕುಮಾರಿ ಅನ್ನೋದು ಸರಿನಾ?

ನೂರ್ ಅಂದರೆ ಜರ್ಮನರು ಹಿಡಿದಿದ್ದ ಫ್ರಾನ್ಸಿಗೆ ಬ್ರಿಟಿಷರು ಗುಟ್ಟಾಗಿ ಕಳಿಸಿದ ಗೂಢಚಾರಿಣಿ. ತಂದೆ ಇನಾಯತ್ ಖಾನ್ ಸೂಫಿ ಗುರು, ಸಂಗೀತಗಾರ. ಅವರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಗಾಯಕರು. ಮೌಲಾ ಬಕ್ಷರ ಹೆಂಡತಿ ಟಿಪ್ಪುವಿನ ವಂಶದವರು ಎಂದು ಮನೆತನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಸಂಬಂಧ ಬರೋದು ಹೀಗೆ, ಹೆಣ್ಣಿನ ಕಡೆಯಿಂದ. ರಾಜಕುಮಾರಿ ಅನ್ನೋದು ಪ್ರೀತಿಯ ಮಾತು, ಅರಮನೆ ಏನೂ ಇರಲಿಲ್ಲ. ನೂರ್ ಹುಟ್ಟಿದ್ದು ಮಾಸ್ಕೋದಲ್ಲಿ, ತಾಯಿ ಅಮೆರಿಕದವರು, ಬೆಳೆದದ್ದು ಪ್ಯಾರಿಸ್ ಹತ್ತಿರ.

ನಿಜವಾದ ವಾದ ಬೇರೆ ಇದೆ: ಆಕೆ ಒಳ್ಳೆ ಗೂಢಚಾರಿಣಿಯಾ? 1943ರ ಜೂನ್‌ನಲ್ಲಿ ರೇಡಿಯೊ ಆಪರೇಟರ್ ಆಗಿ ಫ್ರಾನ್ಸಿನಲ್ಲಿ ಇಳಿದರು. ಕೆಲವೇ ದಿನಗಳಲ್ಲಿ ಜೊತೆಯವರೆಲ್ಲ ಸಿಕ್ಕಿಬಿದ್ದರು. ವಾಪಸ್ ಬಾ ಎಂದರೂ ಬರಲಿಲ್ಲ. ಜಾಗ ಬದಲಿಸುತ್ತಾ ಅಕ್ಟೋಬರ್‌ವರೆಗೆ ಲಂಡನ್ನಿಗೆ ಸುದ್ದಿ ಕಳಿಸಿದರು. ಕಳಿಸಿದ್ದನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದರು, ಅದು ಜರ್ಮನರಿಗೆ ಸಿಕ್ಕಿ ಲಂಡನ್ನನ್ನು ಮೋಸಗೊಳಿಸಲು ಬಳಕೆಯಾಯಿತು. ಸಂದೇಶಗಳನ್ನು 'ಫೈಲ್' ಮಾಡುವಾಗ, ಅಂದರೆ ಕಳಿಸುವಾಗ, ಎಚ್ಚರ ಎಂದು ಮೇಲಿನವರು ಬರೆದದ್ದನ್ನು ಬರೆದಿಡು ಎಂದು ತಿಳಿದರು ಅನ್ನುತ್ತಾರೆ. ತಪ್ಪು ದೊಡ್ಡದೇ. ತರಬೇತಿ ಮುಗಿಯುವ ಮುಂಚೆ ಕಳಿಸಿದವರ ತಪ್ಪು ಅದಕ್ಕಿಂತ ದೊಡ್ಡದು. ಸಂಕೋಲೆಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಜೊತೆಯವರ ಹೆಸರು ಹೇಳಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಗುಂಡಿಟ್ಟು ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು.

ಕ್ಯಾರೆಟ್ ತಿಂದು ಬ್ರಿಟಿಷ್ ಪೈಲಟ್‌ಗಳಿಗೆ ರಾತ್ರಿ ಕಣ್ಣು ಕಾಣುತ್ತಿತ್ತಂತೆ?

ವಿಮಾನದಲ್ಲಿ ರೇಡಾರ್ ಕೂರಿಸಿದ್ದರು, ಅದನ್ನು ಹೇಳುವಂತಿರಲಿಲ್ಲ. ಕ್ಯಾರೆಟ್ ಬೇಕಾದಷ್ಟು ಬೆಳೆದಿತ್ತು, ಅದರ ಹೆಸರು ಹೇಳಿದರು. ಅಷ್ಟೇ.

ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಯಾಕೆ ಬರೆದಿಲ್ಲ?

ಮೈಸೂರಿನ ಆ ಕುದುರೆ ಪಡೆ ಈಗಿನ ಇಸ್ರೇಲಿನ ಹೈಫಾದಲ್ಲಿ ಗೆದ್ದದ್ದು 1918ರ ಸೆಪ್ಟೆಂಬರ್ 23ಕ್ಕೆ, ಮೊದಲನೇ ಮಹಾಯುದ್ಧದಲ್ಲಿ. ಅದರ ವಾದಗಳೇ ಬೇರೆ.

ಜಪಾನ್ ಶರಣಾದದ್ದು ಅಣುಬಾಂಬಿಗಾ, ರಷ್ಯಾಕ್ಕಾ?

ಎರಡೂ ಒಂದೇ ವಾರದಲ್ಲಿ ಬಂದದ್ದರಿಂದ ಬಿಡಿಸೋದು ಕಷ್ಟ. 1945ರ ಆಗಸ್ಟ್ 6ಕ್ಕೆ ಹಿರೋಶಿಮಾ. 8ಕ್ಕೆ ರಷ್ಯಾ ಯುದ್ಧ ಸಾರಿ ಮರುದಿನ ಮಂಚೂರಿಯಾಕ್ಕೆ ನುಗ್ಗಿತು. 9ರ ಬೆಳಿಗ್ಗೆ ಶರಣಾಗೋದೋ ಬೇಡವೋ ಎಂದು ಜಪಾನಿನ ಆರು ಜನ ಮುಖ್ಯ ನಾಯಕರ ಸಭೆ ನಡೆಯುತ್ತಿದ್ದಾಗಲೇ ನಾಗಾಸಾಕಿಯ ಸುದ್ದಿ ಬಂತು, ಆಗಲೂ ಸಭೆ ಮೂರು-ಮೂರಾಗಿ ಒಡೆದೇ ಇತ್ತು. ಕೊನೆಗೆ ರಾತ್ರಿ ಚಕ್ರವರ್ತಿಯೇ ತೀರ್ಮಾನ ಹೇಳಬೇಕಾಯಿತು. ಬಾಂಬಿಗೇ ಹೆದರಿದರು ಅನ್ನುವವರು ಈ ಮೂರು-ಮೂರನ್ನು ವಿವರಿಸಲಿ. ರಷ್ಯಾಕ್ಕೇ ಹೆದರಿದರು ಅನ್ನುವವರು, ಚಕ್ರವರ್ತಿಯ ರೇಡಿಯೊ ಭಾಷಣದಲ್ಲಿ ಬಂದದ್ದು ಹೊಸ ಕ್ರೂರ ಬಾಂಬು, ರಷ್ಯಾ ಅಲ್ಲ ಅನ್ನೋದನ್ನು ವಿವರಿಸಲಿ.

ಇನ್ನೊಂದು. ಆ ಎರಡನೇ ಬಾಂಬ್ ಹೊರಟಿದ್ದು ನಾಗಾಸಾಕಿಗಲ್ಲ, ಕೊಕುರಾಕ್ಕೆ. ಅಲ್ಲಿ ಮೋಡ, ಹೊಗೆ. ಮೂರು ಸಲ ಸುತ್ತಿ ಗುರಿ ಕಾಣದೆ ವಿಮಾನ ನಾಗಾಸಾಕಿಗೆ ತಿರುಗಿತು.

ಕಾಡಿನಿಂದ ಕೊನೆಗೆ ಹೊರಬಂದ ಜಪಾನಿ ಸೈನಿಕ ಒನೊಡಾ ಅಲ್ವಾ?

ಎಲ್ಲರೂ ಹಾಗೇ ಹೇಳುತ್ತಾರೆ. ಯುದ್ಧ ಮುಗಿದದ್ದನ್ನು ನಂಬದೆ ಕಾಡಿನಲ್ಲೇ ಅಡಗಿದ್ದ ಹಿರೂ ಒನೊಡಾ ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದಿಂದ ಹೊರಬಂದದ್ದು 1974ರ ಮಾರ್ಚ್. ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾದ ಮೊರೊಟಾಯ್‌ನಲ್ಲಿ ಇನ್ನೊಬ್ಬ ಸಿಕ್ಕ, ಟೆರುವೊ ನಕಾಮುರಾ. ಆತ ಜಪಾನಿಯೇ ಅಲ್ಲ, ಆಗ ಜಪಾನಿನ ವಸಾಹತಾಗಿದ್ದ ತೈವಾನಿನ ಅಮಿಸ್ ಬುಡಕಟ್ಟಿನವನು. ಒನೊಡಾ ಅಧಿಕಾರಿ, ಅವನಿಗೆ ಟೋಕಿಯೊದಲ್ಲಿ ವೀರನ ಸ್ವಾಗತ. ನಕಾಮುರಾ ಸಾದಾ ಸಿಪಾಯಿ, ವಸಾಹತಿನವನು, ಪಿಂಚಣಿಗೆ ಹಕ್ಕಿಲ್ಲ ಎಂದು ಮೊದಲಿಗೆ ಜುಜುಬಿ ಮೊತ್ತ ಕೊಟ್ಟರು. ಜನ ಛೀಮಾರಿ ಹಾಕಿದ ಮೇಲೆ ಸ್ವಲ್ಪ ಜಾಸ್ತಿ ಸಿಕ್ಕಿತು. ಊರಿಗೆ ಹೋದರೆ ಹೆಂಡತಿ ಬೇರೆ ಮದುವೆಯಾಗಿದ್ದಳು. 1979ರಲ್ಲಿ ತೀರಿಕೊಂಡ. ಕ್ವಿಜ್‌ನಲ್ಲಿ ಒನೊಡಾ ಅಂದರೆ ಅಂಕ ಕೊಡುತ್ತಾರೆ, ನಾನಿದ್ದರೆ ಎದ್ದು ನಿಂತು ತಕರಾರು ಮಾಡುತ್ತೇನೆ.

ನಮ್ಮ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಮೆಡಲ್ ಇದೆ. ಎಲ್ಲಿ ಹೋರಾಡಿದರು ಅಂತ ತಿಳಿಯಬಹುದಾ?

ಸ್ವಲ್ಪ ಮಟ್ಟಿಗೆ ಹೌದು. ಬ್ರಿಟಿಷ್ ಸೈನಿಕರಿಗೆ ಆ ಯುದ್ಧದ ಮೆಡಲ್‌ಗಳನ್ನು ಹೆಸರು ಕೆತ್ತದೆ ಕೊಟ್ಟರು, ಭಾರತೀಯ ಸೈನಿಕರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ನಂಬರು, ಹೆಸರು, ತುಕಡಿ ಇರುತ್ತದೆ. ದುಂಡನೆಯದಾದರೆ ಅಂಚಿನಲ್ಲಿ, ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಿ. 'ಬರ್ಮಾ ಸ್ಟಾರ್', 'ಆಫ್ರಿಕಾ ಸ್ಟಾರ್', 'ಇಟಲಿ ಸ್ಟಾರ್' ಎಂದು ಮುಂಬದಿಯಲ್ಲೇ ಬರೆದಿರುತ್ತದೆ, ಅಲ್ಲಿಗೆ ಯಾವ ರಂಗ ಅನ್ನೋದು ಗೊತ್ತಾಯಿತು. ಯುದ್ಧದಲ್ಲೇ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಬರ್ಮಾದಲ್ಲಿ ಸತ್ತು ಸಮಾಧಿ ಸಿಗದ ಸುಮಾರು 27,000 ಜನರ ಹೆಸರು ರಂಗೂನಿನ ಹೊರಗೆ ತೌಕ್‌ಚಾನ್ ಸ್ಮಾರಕದ ಕಂಬಗಳ ಮೇಲೆ ಇವೆ. ನಮ್ಮವರ ಹೆಸರನ್ನು ಆಗಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ನಾಲ್ಕೈದು ರೀತಿ ಬರೆದು ಹುಡುಕಿ.

ಮತ್ತೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಕ್ಷರ ಸವೆದುಹೋಗುತ್ತದೆ.